ಕೆಂಪು ಮೊಳೆಯ ಕೆಳಗೆ

ನಮ್ಮೂರಿನಲ್ಲಿ ಮಗುವಿಗೆ ಹನ್ನೊಂದು ತುಂಬಿದ ದಿನ ಮನೆಯ ಬಾಗಿಲ ಬಲಗಂಬದಲ್ಲಿ ಗೆರೆ ಮೂಡುತ್ತದೆ. ತಿಳಿನೀಲಿ ಬಣ್ಣ, ದಾರದಷ್ಟು ದಪ್ಪ. ಮಗುವಿನ ಮೈಯೊಳಗೆ ಏರಿದ್ದು ಮರದ ಮೇಲೆ ಏರುತ್ತದೆ, ಇಳಿದದ್ದು ಇಳಿಯುತ್ತದೆ. ಹತ್ತೊಂಬತ್ತು ದಾಟಿತೋ, ಯಾರೋ ಒರೆಸಿ ತೆಗೆದಂತೆ ಮಾಯ. ಬೇರೆ ಊರುಗಳಲ್ಲಿ ಇದನ್ನು ತಿಳಿಯಲು ಮಕ್ಕಳ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾರಂತೆ. ಪಾಪ, ಅಲ್ಲಿ ಮನೆಗಳಿಗೆ ಬಾಗಿಲಿಲ್ಲವೋ ಏನೋ.

ಆ ಗೆರೆ ಅಳೆಯುವವಳು ನಾನು, ನಿಂಬೆಕ್ಕ. ಅಪ್ಪನ ಕೈಯಿಂದ ಅಳತೆಕೋಲು ತೆಗೆದುಕೊಂಡು ಇಪ್ಪತ್ತೆರಡು ವರ್ಷವಾಯಿತು. ಹೆಸರಿಗೆ ತಕ್ಕ ಹುಳಿ ಎಂದು ಊರು ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ದಿನಾ ಬೆಳಿಗ್ಗೆ ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ನಾನು ಹೊರಡುತ್ತೇನೆ. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಕಂಚಿನ ಗಂಟೆ, ಕಂಕುಳಲ್ಲಿ ಪಾಟಿ. ಬಾಗಿಲ ಮುಂದೆ ನಿಂತು ಗಂಟೆಯನ್ನು ಮೂರು ಸಲ ಬಾರಿಸಬೇಕು. ಮಗು ಬಂದು ಕಂಬಕ್ಕೆ ಬೆನ್ನುಕೊಟ್ಟು ನಿಲ್ಲಬೇಕು. ಆಮೇಲೆ ನಾನು ಕಂಬಕ್ಕೆ ಹೊದಿಸಿದ ಗೆರೆಬಟ್ಟೆಯನ್ನು ಎತ್ತಿ, ಕೋಲು ಹಿಡಿದು, ಎಷ್ಟು ಬೆರಳು ಎಂದು ಪಾಟಿಯ ಮೇಲೆ ಬರೆದುಕೊಳ್ಳಬೇಕು. ಗಂಟೆ ಇಟ್ಟದ್ದು ಮಕ್ಕಳ ಮೇಲಿನ ಮರ್ಯಾದೆಗೆ. ಹೇಳದೆ ಕೇಳದೆ ಒಬ್ಬರ ಒಳಗನ್ನು ಇಣುಕಿ ನೋಡಬಾರದು ಎಂದು ಹಿರಿಯರು ಮಾಡಿದ ಕಟ್ಟಳೆ ಅದು.

ಅದಕ್ಕೇ ಗೆರೆಬಟ್ಟೆಯನ್ನು ನಾನಲ್ಲದೆ ಬೇರೆ ಯಾರೂ ಎತ್ತುವಂತಿಲ್ಲ, ಹೆತ್ತ ತಾಯಿಯೂ ಎತ್ತುವಂತಿಲ್ಲ. ನನಗೂ ಒಂದು ಕಟ್ಟು ಇದೆ. ಬೆಳಗಿನ ಸುತ್ತು ಮುಗಿದ ಮೇಲೆ ನಾನು ಯಾರ ಬಾಗಿಲಗಂಬವನ್ನೂ ನೋಡಕೂಡದು. ಹೀಗಾಗಿ ಇಪ್ಪತ್ತೆರಡು ವರ್ಷ ನಾನು ಹಗಲಿಡೀ ನೆಲ ನೋಡಿಕೊಂಡೇ ತಿರುಗಾಡಿದ್ದೇನೆ. ಈ ಊರಿನಲ್ಲಿ ಯಾರ ಚಪ್ಪಲಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ಕೇಳಿ ನೋಡಿ, ಹೇಳುತ್ತೇನೆ.

ಪ್ರತಿ ಕಂಬದಲ್ಲೂ ಎದೆಯ ಮಟ್ಟಕ್ಕೆ ಒಂದು ಕೆಂಪು ಮೊಳೆ ಹೊಡೆದಿರುತ್ತಾರೆ. ಗೆರೆ ಒಂಬತ್ತು ಬೆಳಗು ಬಿಡದೆ ಆ ಮೊಳೆಗಿಂತ ಮೇಲೇ ನಿಂತರೆ ಮಗುವನ್ನು ಆಚೆದಂಡೆಯ ಶಾಲೆಗೆ ಕಳಿಸುತ್ತಾರೆ. ಹೊಳೆಯಾಚೆ, ದಿಬ್ಬದ ಮೇಲೆ ಬಿಳಿ ಗೋಡೆಯ ಮನೆ. ಮಗುವಿನ ಗೆರೆಯೂ ಅಲ್ಲಿನ ಕಂಬಕ್ಕೆ ಹೋಗುತ್ತದೆ. ಗೆರೆ ಇಳಿದ ದಿನ ಮಗು ತಿರುಗಿ ಬರಬಹುದು. ಆದರೆ ನನಗೆ ತಿಳಿದಂತೆ ಯಾರೂ ಹತ್ತೊಂಬತ್ತಕ್ಕೆ ಮೊದಲು ತಿರುಗಿ ಬಂದಿಲ್ಲ. ಬಂದವರು ಮಾತು ಕಡಿಮೆ ಆಡುತ್ತಾರೆ. ನಾನು ಎದುರಾದರೆ ಓಣಿ ಬದಲಿಸುತ್ತಾರೆ.

ಮೂರು ವರ್ಷದ ಕೆಳಗೆ ನಮ್ಮ ದವಾಖಾನೆಗೆ ಹೊರಗಿನಿಂದ ಒಬ್ಬ ಡಾಕ್ಟರಮ್ಮ ಬಂದಿದ್ದರು. ಗೆರೆ ಕಂಡು ಮೂರು ದಿನ ಊಟ ಬಿಟ್ಟರು, ನಾಲ್ಕನೆಯ ದಿನ ನಮ್ಮಂತೆಯೇ ಅದಕ್ಕೆ ಒಗ್ಗಿಹೋದರು. ಇದು ಮೈಯಲ್ಲಿ ಹರಿಯುವ ಹಾರ್ಮೋನಿನ ಮಟ್ಟ, ಹೆದರಿಕೆ ಆತಂಕಗಳಿಗೆ ಏರುವಂಥದ್ದು, ಕಾರ್ಟಿಸಾಲ್ ಎಂದು ಅದರ ಹೆಸರು ಎಂದರು. ಹರೆಯದ ಮಕ್ಕಳಲ್ಲಿ ಅದು ಮೊದಲೇ ಚಂಚಲ. ಮಿದುಳಿನ ಬೆಳವಣಿಗೆ ಬೇರೆ ದಾರಿ ಹಿಡಿದ ಮಕ್ಕಳಲ್ಲಿ ಇನ್ನೂ ಬೇರೆ ಥರ ಎಂದರು. ಅದು ನನಗೂ ಗೊತ್ತಿತ್ತು. ಕಂಡವರ ಕಿಟಕಿಗಾಜು ಒಡೆದು, ಕೋಳಿಗಳಿಗೆ ಬಣ್ಣ ಬಳಿದು, ಮಾಸ್ತರ ಸೈಕಲ್ಲನ್ನು ಬಾವಿಗೆ ಇಳಿಸಿದ ಪ್ರಭಾಕರನ ಗೆರೆ ಗಂಟೆ ಬಾರಿಸಲಿ, ಗುಡುಗು ಹೊಡೆಯಲಿ, ಕಂಬದ ಬುಡ ಬಿಟ್ಟು ಮೇಲೇಳುತ್ತಿರಲಿಲ್ಲ. ಊರು ಅವನನ್ನು ಶಾಂತಸ್ವಭಾವದ ಹುಡುಗ ಎಂದು ಹೊಗಳುತ್ತಿತ್ತು! ಡಾಕ್ಟರಮ್ಮ ತಲೆ ಚಚ್ಚಿಕೊಂಡು, "ನಿಂಬೆಕ್ಕ, ಬೆಳಿಗ್ಗೆ ಎಲ್ಲರಿಗೂ ಅದು ಕೊಂಚ ಏರಿಯೇ ಇರುತ್ತದೆ. ಸಂಜೆ ಹೊತ್ತು ಒಮ್ಮೆಯಾದರೂ ನೋಡಿದ್ದೀರಾ?" ಎಂದು ಕೇಳಿದ್ದರು. ನಾನು ನಕ್ಕುಬಿಟ್ಟೆ. ಸಂಜೆ ನೋಡುವುದೆಂದರೇನು, ಮಾನ ಮರ್ಯಾದೆ ಬೇಡವೆ? ಆಮೇಲೆ ಅವರಿಗೆ ವರ್ಗವಾಯಿತು. ಆ ನಗು ಮಾತ್ರ ಈಗ ನೆನೆದರೆ ಮೈ ಉರಿಯುತ್ತದೆ.

ಈಗ ತುಂಗಾಳ ಮಾತು. ಹಿಟ್ಟಿನ ಗಿರಣಿಯ ಶಂಕ್ರವ್ವನ ಒಬ್ಬಳೇ ಮಗಳು, ಹದಿಮೂರು ವರ್ಷ. ಗಿರಣಿ ಮತ್ತು ಮನೆ ಒಂದೇ ಸೂರಿನಡಿ, ಮನೆಯ ಬಾಗಿಲು ಗಿರಣಿಯೊಳಕ್ಕೇ ತೆರೆಯುತ್ತದೆ. ತುಂಗಾ ಯಾರ ಮುಖವನ್ನೂ ನೋಡುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ. ಆದರೆ ಅವಳ ಕೈಗೆ ಹಿಟ್ಟು ಕೊಟ್ಟು ನೋಡಿ, ಬೆರಳ ನಡುವೆ ಒಮ್ಮೆ ತಿಕ್ಕಿ ಯಾವ ಹೊಲದ ಜೋಳ ಎಂದು ಹೇಳುತ್ತಾಳೆ. ಡಾಕ್ಟರಮ್ಮ ಅವಳಿಗಿರುವುದು ಆಟಿಸಂ ಎಂದಿದ್ದರು. "ಹೊಸಾ ಹೆಸರು ಇಟ್ರ ಮತ್ತ ತೊಟ್ಟಲಾ ಕಟ್ಟಬೇಕಾಗ್ತೈತ್ರಿ ಬಾಯಾರ, ತುಂಗಾ ಅನ್ನೂದೊಂದು ಸಾಕು," ಎಂದಿದ್ದಳು ಶಂಕ್ರವ್ವ. ಗಿರಣಿಯ ಗುಂಡಿ ಒತ್ತುವುದು ತುಂಗಾಳೇ. ಬೇರೆ ಯಾರಾದರೂ ಒತ್ತಿದರೆ ಆ ದಿನ ಅವಳು ಅನ್ನ ಮುಟ್ಟುವುದಿಲ್ಲ. ತಾನೇ ಒತ್ತಿ, ಗಡಗಡ ಶುರುವಾದ ಮೇಲೆ ಗಿರಣಿಯ ಗೋಡೆಗೆ ಬೆನ್ನು ಹಚ್ಚಿ ಕೂತಳೆಂದರೆ ನಿದ್ದೆಯನ್ನೂ ಮಾಡಿಬಿಡುವಳು.

ಎರಡು ವರ್ಷ ಮೊಳೆಯ ಹತ್ತಿರ ಬಂದು ಬಂದು ಇಳಿಯುತ್ತಿದ್ದ ಅವಳ ಗೆರೆ ಈ ವರ್ಷ, ಹರೆಯ ಏರಿದಂತೆ, ಮೊಳೆಯ ಮೇಲೆ ಹತ್ತಿ ಕೂತಿತು. ಒಂದು ದಿನ, ಎರಡು ದಿನ, ಐದು ದಿನ. ನಾನು ಗಂಟೆ ಬಾರಿಸುತ್ತಿದ್ದೆ, ಅವಳು ಎರಡೂ ಕಿವಿ ಮುಚ್ಚಿಕೊಂಡು ಬಂದು ಕಂಬಕ್ಕೆ ನಿಲ್ಲುತ್ತಿದ್ದಳು, ನಾನು ಬಟ್ಟೆ ಎತ್ತಿದರೆ ಗೆರೆ ಮೊಳೆಗಿಂತ ಒಂದು ಗೇಣು ಮೇಲೆ. ಎಣಿಕೆ ಶುರುವಾದ ಮಕ್ಕಳನ್ನು ಊರ ಶಾಲೆಗೆ ಸೇರಿಸುವುದಿಲ್ಲ, ಹೀಗಾಗಿ ಹಗಲೆಲ್ಲ ಗಿರಣಿಯಲ್ಲೇ ಇರುತ್ತಿದ್ದಳು. ಎಂಟನೆಯ ಬೆಳಗು ಶಂಕ್ರವ್ವ ನನ್ನ ಕೈಹಿಡಿದಳು. "ನಿಂಬೆಕ್ಕಾ, ಇನ್ನೊಂದ ದಿನ ಉಳದೈತಿ. ನಾ ಏನು ಮಾಡ್ಲಿ ಹೇಳು. ಬಿಸಿ ನೀರು ಹಾಕಲೋ, ತಣ್ಣೀರು ಹಾಕಲೋ? ಮೊಸರನ್ನ ಉಣಸೀನಿ, ಹರಕಿ ಹೊತ್ತೀನಿ. ಆಚೆದಂಡ್ಯಾಗ ಗಿರಣಿ ಇಲ್ಲವಾ, ನನ್ನ ಕೂಸು ಯಾವ ಗ್ವಾಡಿಗೆ ಆನಬೇಕು?" ಪಾಟಿಯ ಮೇಲೆ ಎಂಟು ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದೆ.

ಅದೇ ಮಧ್ಯಾಹ್ನ ಜೋಳ ಬೀಸಿಸಲು ಗಿರಣಿಗೆ ಹೋದೆ. ಗಂಟೆಯ ಹಿಡಿಕೆ ಸಡಿಲವಾಗಿತ್ತು, ದಾರಿಯಲ್ಲಿ ಕಂಚುಗಾರನಿಗೆ ಕೊಟ್ಟು ಹೋದರಾಯಿತು ಎಂದು ಅದನ್ನೂ ಜೋಳದ ಚೀಲದ ಮೇಲೆ ಇಟ್ಟುಕೊಂಡಿದ್ದೆ. ಕಂಚುಗಾರನ ಅಂಗಡಿ ಮುಚ್ಚಿತ್ತು. ಗಿರಣಿಯಲ್ಲಿ ಶಂಕ್ರವ್ವ ಕಂಬಕ್ಕೆ ಬೆನ್ನು ಮಾಡಿ ಹಿಟ್ಟು ತೂಗುತ್ತಿದ್ದಳು, ತುಂಗಾ ಗೋಡೆಗೆ ಆನಿಕೊಂಡು ಕಣ್ಣು ಮುಚ್ಚಿದ್ದಳು. ನಾನು ಎಂದಿನಂತೆ ನೆಲ ನೋಡುತ್ತ ಕಟ್ಟೆಯ ಮೇಲೆ ಕೂತೆ. ಆಗ ಗಿರಣಿಯ ತಿರುಗುವ ಬೆಲ್ಟಿನ ಗಾಳಿಗೆ ಗೆರೆಬಟ್ಟೆ ಪಟಪಟ ಎಂದು ಹಾರಿತು. ಕೆಳಗಿನಿಂದ ಹಾರಿದ್ದರಿಂದ, ನೆಲ ನೋಡುತ್ತಿದ್ದ ನನ್ನ ಕಣ್ಣಿಗೇ ಬಿತ್ತು, ನೀಲಿ ಗೆರೆ! ಎಲ್ಲಿ? ಮೊಣಕಾಲಿನ ಮಟ್ಟದಲ್ಲಿ!

ನಾನು ಕಣ್ಣುಜ್ಜಿಕೊಂಡೆ. ಬೆಳಿಗ್ಗೆ ಎದೆಮಟ್ಟ ದಾಟಿ ನಿಂತಿದ್ದ ಗೆರೆ, ಅದೇ ಹುಡುಗಿ, ಅದೇ ಕಂಬ. ದಡಬಡಿಸಿ ಎದ್ದೆ. ಎದ್ದ ರಭಸಕ್ಕೆ ಚೀಲ ವಾಲಿತು, ಗಂಟೆ ಉರುಳಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಠಣ್! ತುಂಗಾ ಚೀರಿ ಕಿವಿ ಮುಚ್ಚಿಕೊಂಡಳು. ನನ್ನ ಕಣ್ಣೆದುರಿಗೇ, ದೇವರಾಣೆ, ಆ ಗೆರೆ ಬೆಕ್ಕು ಗೋಡೆಗೆ ಹಾರಿದಂತೆ ಒಂದೇ ನೆಗೆತಕ್ಕೆ ಕೆಂಪು ಮೊಳೆ ದಾಟಿ ಒಂದು ಗೇಣು ಮೇಲೆ ಹೋಗಿ ನಿಂತಿತು. ಅಷ್ಟೇ ಎತ್ತರ. ಎಂಟು ದಿನ ನಾನು ಬರೆದುಕೊಂಡಿದ್ದ ಎತ್ತರ.

ನನಗೂ ಒಂದು ಗೆರೆ ಇದ್ದಿದ್ದರೆ ಅದು ಸೂರು ಹರಿದುಕೊಂಡು ಹೋಗುತ್ತಿತ್ತು. ನಾನು ಅಲ್ಲಾಡದೆ ನಿಂತು, ಬಟ್ಟೆ ಹಾರಿದಾಗಲೆಲ್ಲ ನೋಡಿದೆ. ಗಿರಣಿ ತಿರುಗುತ್ತಲೇ ಇತ್ತು. ತುಂಗಾಳ ಕೈ ಕಿವಿಯಿಂದ ಕೆಳಗಿಳಿಯಿತು. ಗೆರೆಯೂ ಇಳಿಯಿತು, ಎರಡು ಬೆರಳು, ನಾಲ್ಕು ಬೆರಳು. ನನ್ನ ಜೋಳ ಹಿಟ್ಟಾಗುವಷ್ಟರಲ್ಲಿ ಮತ್ತೆ ಮೊಣಕಾಲಿನ ಹತ್ತಿರ. ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಟೆ ಕಂಕುಳಿಗೆ ಸಿಕ್ಕಿಸಿ, ಕೈಗೆ ಸಿಕ್ಕ ಡಬ್ಬಿ ಎತ್ತಿಕೊಂಡು ಓಡಿದೆ. ಅದರಲ್ಲಿದ್ದದ್ದು ಯಾರದೋ ಕಡಲೆಹಿಟ್ಟು ಎಂದು ಸಂಜೆ ರೊಟ್ಟಿ ಬಡಿಯಲು ಕೂತಾಗ ಗೊತ್ತಾಯಿತು.

ಓಡಿದ್ದು ನೇರ ವಿರೂಪಾಕ್ಷ ಮಾಸ್ತರ ಮನೆಗೆ. ಶಾಲೆಯಿಂದ ನಿವೃತ್ತರಾದ ಮೇಲೆ ಊರ ಕಟ್ಟಳೆಗಳ ಪುಸ್ತಕ ಅವರ ವಶದಲ್ಲಿದೆ. ಒಳ್ಳೆಯ ಮನುಷ್ಯ, ಆದರೆ ಬರೆದದ್ದನ್ನು ಬಿಟ್ಟು ಒಂದಿಂಚು ಆಚೀಚೆ ಸರಿಯುವವರಲ್ಲ. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು. "ಹೊತ್ತಲ್ಲದ ಹೊತ್ತಿನ್ಯಾಗ ಕಂಬ ನೋಡಿದ್ಯಾ?" ಎಂದರು. ಅವರಿಗೆ ಮೊದಲು ಕಂಡದ್ದು ಅದು! "ನೋಡಿದ್ನಿರಿ. ಕೋಲು ಕಸಗೋತೀರೇನು, ಕಸಗೋರಿ. ಆದ್ರ ಹುಡುಗೀಗೆ ಅಂಜಿಕಿ ಹುಟ್ಟಸೂದು ನನ್ನ ಗಂಟೀನ ರೀ. ನಾ ಬಾರಸ್ತೀನಿ, ಗೆರಿ ಜಿಗೀತೈತಿ, ನಾನ ಅಳೀತೀನಿ!" ಮಾಸ್ತರು ತಲೆಯಾಡಿಸಿದರು. "ಗಿರಣ್ಯಾಗ ಹುಟ್ಟಿ ಬೆಳದಾಕಿ, ಮುಂಜಾನಿಂದ ಸಂಜೀತನಕ ಗಡಗಡ ಕೇಳಾಕಿ, ಒಂದು ಗಂಟಿಗೆ ಅಂಜತಾಳೇನು?"

ಈ ಮಾತನ್ನೇ ಊರೆಲ್ಲ ಆಡುತ್ತಿತ್ತು, ನಿನ್ನೆಯವರೆಗೆ ನಾನೂ ಆಡಿದ್ದೆ. ಗಿರಣಿಯ ಸದ್ದು ಅವಳಿಗೆ ಹೊದಿಕೆ ಎಂದೂ, ಗಂಟೆಯ ಸದ್ದು ಆ ಹೊದಿಕೆ ಕಿತ್ತೆಸೆಯುವ ಕೈ ಎಂದೂ ಅವರಿಗೆ ಹೇಗೆ ಹೇಳಲಿ? "ನಾಳೆ ಒಂದ ದಿನ ಗಂಟಿ ಬಿಟ್ಟು ಅಳೀತೀನ್ರಿ," ಎಂದು ಬೇಡಿಕೊಂಡೆ. "ಗಂಟಿ ಇಲ್ಲದ ಅಳತಿ ಕಳವು ನಿಂಬೆಕ್ಕಾ. ಬರದೈತಿ. ಬಾಗಲದಾಗ ಊರ ಗಂಟಿ ಮೂರು ಸಲ ಬಾರಸಬೇಕು, ಆಮ್ಯಾಲ ಕೋಲು ಮುಟ್ಟಸಬೇಕು. ಒಬ್ಬರಿಗೆ ಬಿಟ್ರ ನಾಳೆ ಎಲ್ಲಾರೂ ಬಿಡು ಅಂತಾರ," ಎಂದು ಪುಸ್ತಕ ಮುಚ್ಚಿದರು. ಮನೆಗೆ ಬರುವ ದಾರಿಯಲ್ಲಿ ನಾನು ಬೆರಳು ಮಡಿಚಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಪಾಟಿ ಹನ್ನೊಂದು ಮಕ್ಕಳನ್ನು ದೋಣಿ ಹತ್ತಿಸಿತ್ತು. ಅವರಲ್ಲಿ ಎಷ್ಟು ಮಂದಿ ಕಿವಿ ಮುಚ್ಚಿಕೊಂಡು ನಿಂತಿದ್ದರು ಎಂದು ನೆನೆಯಲು ಹೋದೆ. ಎಲ್ಲರೂ ನೆನಪಿಗೆ ಬಂದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ನಾನು.

ಒಂಬತ್ತನೆಯ ಬೆಳಗು ಗಿರಣಿಯ ಮುಂದೆ ಅರ್ಧ ಊರು ನೆರೆದಿತ್ತು. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಕಟ್ಟೆಯ ಮೇಲೆ ತಗಡಿನ ಟ್ರಂಕು. ಅದರಲ್ಲಿ ಮಗಳ ಬಟ್ಟೆ, ಎರಡು ವಾರಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಿರಣಿಯ ಹಳೆಯ ಬೆಲ್ಟಿನ ಒಂದು ತುಂಡು. ಹೊಳೆಯ ಕಡೆಯಿಂದ ಅಂಬಿಗನೂ ಬಂದು ನಿಂತಿದ್ದ. ಶಂಕ್ರವ್ವನ ಕಣ್ಣು ಊದಿದ್ದವು. ತುಂಗಾ ಆಗಲೇ ಕಿವಿಗಳ ಹತ್ತಿರ ಕೈ ಒಯ್ದಿದ್ದಳು, ಗಂಟೆಯ ಪೆಟ್ಟು ಯಾವ ಗಳಿಗೆಯಲ್ಲಿ ಬೀಳುವುದೋ ಎಂದು ಅವಳ ಹೆಗಲುಗಳು ಮೇಲೆದ್ದು ಗಟ್ಟಿಯಾಗಿದ್ದವು. ಇಷ್ಟು ವರ್ಷ ಆ ಹೆಗಲುಗಳನ್ನು ನಾನು ನೋಡಿಯೇ ಇರಲಿಲ್ಲವೆ? ನೋಡಿದ್ದೆ. ಸೊಕ್ಕು ಎಂದುಕೊಂಡಿದ್ದೆ.

ನಾನು ಎಲ್ಲರ ಮುಂದೆ ಬಾಯಿ ಬಿಟ್ಟೆ. ಮಧ್ಯಾಹ್ನ ಕಂಬ ನೋಡಿದ್ದು, ಗಂಟೆ ಬಿದ್ದದ್ದು, ಗೆರೆ ನೆಗೆದದ್ದು, ಇಳಿದದ್ದು, ಒಂದನ್ನೂ ಬಿಡಲಿಲ್ಲ. ಜನ ಗುಜುಗುಜು ಎಂದರು. "ನಿಂಬೆಕ್ಕ ಹುಳತಳಲ್ಲೋ," ಎಂದ ಒಬ್ಬ. ಶಂಕ್ರವ್ವ ನನ್ನನ್ನು ನೋಡಿದ ನೋಟದಲ್ಲಿ ಬೆಂಕಿಯೂ ಇತ್ತು, ಆಸೆಯೂ ಇತ್ತು. ಮಾಸ್ತರು ಗಂಟಲು ಸರಿಮಾಡಿಕೊಂಡು, "ಗಂಟಿ ಬಾರಸಿ ಅಳಿ. ಬರದೈತಿ," ಎಂದರು, ಆದರೆ ದನಿ ನಿನ್ನೆಯಷ್ಟು ಗಟ್ಟಿಯಿರಲಿಲ್ಲ.

ಅಷ್ಟರಲ್ಲಿ ಹಿಟ್ಟಿನ ಡಬ್ಬಿ ಹಿಡಿದುಬಂದ ಒಬ್ಬ ಹೆಂಗಸು, ಹೇಗೂ ಹೊತ್ತಾಗುತ್ತದಲ್ಲ ಎಂದು ಗಿರಣಿಯ ಗುಂಡಿಯತ್ತ ಕೈ ಚಾಚಿದಳು. ತುಂಗಾ ಮಿಂಚಿನಂತೆ ಹೋಗಿ ಆ ಕೈ ತಡೆದಳು. "ನಾ ಒತ್ತತೀನಿ," ಎಂದಳು. ಅಷ್ಟೇ. ನನ್ನ ತಲೆಯೊಳಗೆ ದೀಪ ಹತ್ತಿತು. ಇಡೀ ಊರಿಗೆ ಗೊತ್ತಿದ್ದ ಸಂಗತಿ, ದಿನಾ ಕಣ್ಣೆದುರಿಗಿದ್ದ ಸಂಗತಿ: ತಾನೇ ಎಬ್ಬಿಸಿದ ಸದ್ದಿಗೆ ಅವಳು ಹೆದರುವುದಿಲ್ಲ! "ಮಾಸ್ತರ," ಎಂದೆ, "ಗಂಟಿ ಮೂರು ಸಲ ಬಾರಸಬೇಕು ಅಂತ ಬರದೈತಿ. ಯಾರು ಬಾರಸಬೇಕು ಅಂತ ಬರದೈತೇನ್ರಿ?" ಮಾಸ್ತರು ಪುಸ್ತಕ ತೆರೆದರು. ಹಾಳೆ ತಿರುವಿದರು, ಮತ್ತೆ ತಿರುವಿದರು. "ಬರದಿಲ್ಲ," ಎಂದರು. ಅವರ ಮೀಸೆಯ ತುದಿಯಲ್ಲಿ ನಗು ಸುಳಿಯಿತೋ ಏನೋ. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ದಾರಿ ಸಿಕ್ಕರೆ ಕಟ್ಟಳೆಯ ಮನುಷ್ಯನಿಗೂ ಖುಷಿಯೇ.

ನಾನು ಗಂಟೆಯ ನಾಲಿಗೆಯನ್ನು ಬಿಗಿಯಾಗಿ ಹಿಡಿದು, ಸದ್ದಾಗದಂತೆ ತುಂಗಾಳ ಮುಂದೆ ಚಾಚಿದೆ. ಅವಳು ಮೊದಲು ನಾಲಿಗೆ ಮುಟ್ಟಿದಳು. ಆಮೇಲೆ ಅಂಚು. ಆಮೇಲೆ ಸಡಿಲವಾದ ಹಿಡಿಕೆ ಅಲ್ಲಾಡಿಸಿ ನೋಡಿದಳು. "ಯಾವಾಗ?" ಎಂದಳು. "ನಿನಗ ಬೇಕಾದಾಗ." "ಎಷ್ಟು?" "ಮೂರು." "ಎಷ್ಟು ಜೋರು?" "ನಿನ್ನ ಕೈ, ನಿನ್ನ ಗಂಟಿ, ನನ್ನೇನು ಕೇಳ್ತಿ?" ಎಂದೆ. ಅವಳು ಗಂಟೆ ಹಿಡಿದು ನಿಂತಳು. ನಿಂತೇ ನಿಂತಳು. ಬಿಸಿಲು ಹೊಸ್ತಿಲು ದಾಟಿತು. ಯಾರೋ ಕೆಮ್ಮಿದರೆ ಹತ್ತು ಜನ ಶ್ ಎಂದರು. ಅಂಬಿಗ, "ಹೊಳಿ ನೀರು ಏರಾಕತ್ತೈತ್ರಿ," ಎಂದದ್ದಕ್ಕೆ ಶಂಕ್ರವ್ವ, "ಏರ್ಲಿ ತಗೋ!" ಎಂದು ಗದರಿದಳು.

ತುಂಗಾ ಒಂದು ಸಲ ಬಾರಿಸಿದಳು. ಗಂಟೆ ಹಿಡಿದ ಕೈ, ಕಿವಿ ಮುಚ್ಚಲು ಬರುವಂತಿರಲಿಲ್ಲ. ಇನ್ನೊಂದು ಕೈ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಗಂಟೆಯ ಗುಂಯ್ ಪೂರ್ತಿ ಆರುವವರೆಗೆ ಅವಳು ತಲೆ ಓರೆ ಮಾಡಿ ಕೇಳಿದಳು. ಎರಡನೆಯದು. ಎದ್ದ ಕೈ ಕೆಳಗಿಳಿಯಿತು. ಮೂರನೆಯದು, ಮೊದಲಿಗಿಂತ ಜೋರಾಗಿ! ನಾನು ಕೋಲು ಎತ್ತಬೇಕೆನ್ನುವಷ್ಟರಲ್ಲಿ ನಾಲ್ಕನೆಯದೂ ಬಿತ್ತು. "ಮೂರ ಅಂತ ಬರದ—" ಎಂದ ಮಾಸ್ತರ ಬಾಯಿಗೆ ಅವರ ಹೆಂಡತಿಯೇ ಕೈ ಅಡ್ಡ ಹಿಡಿದರು.

ತುಂಗಾ ಬಂದು ಕಂಬಕ್ಕೆ ಬೆನ್ನು ಕೊಟ್ಟಳು. ನಾನು ಬಟ್ಟೆ ಎತ್ತಿದೆ. ಮೊಳೆಯ ಮೇಲೆ ನೋಡಿದೆ, ಬರೀ ಮರ. ಮೊಳೆಯ ಕೆಳಗೆ ನೋಡಿದೆ. ಅಲ್ಲಿತ್ತು! ಕೊಂಚ ನಡುಗುತ್ತ, ಆದರೆ ಅಲ್ಲಿತ್ತು. "ಎರಡು ಬೆರಳು ಕೆಳಗ!" ಎಂದು ಕೂಗಿದೆ. ಇಪ್ಪತ್ತೆರಡು ವರ್ಷದಲ್ಲಿ ಯಾರ ಅಳತೆಯನ್ನೂ ಬಾಯಿಬಿಟ್ಟು ಹೇಳಿದವಳಲ್ಲ ನಾನು. "ಎರಡು ಬೆರಳು ಕೆಳಗ ಐತ್ರೋ!"

ಅಬ್ಬಾ, ಆ ಗದ್ದಲ! ಮಾಸ್ತರು ಕಟ್ಟಳೆ ಮರೆತು ಬಗ್ಗಿ ಕಂಬಕ್ಕೆ ಮೂಗು ಹಚ್ಚಿ ತಾವೇ ನೋಡಿದರು. ಪ್ರಭಾಕರ ಯಾರದೋ ಪೇಟ ಹಾರಿಸಿದ. ಶಂಕ್ರವ್ವ ಟ್ರಂಕಿನ ಮೇಲೆ ಕುಸಿದು ಕೂತು ಹೋ ಎಂದು ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಟ್ರಂಕು ತೆರೆದು ಎರಡು ವಾರದ ರೊಟ್ಟಿಯನ್ನು ನೆರೆದವರ ಕೈಗೆಲ್ಲ ಹಾಕಿದಳು. ಎಲ್ಲರೂ ಕರಕರ ಎಂದು ಜಗಿಯುವ ಸದ್ದಿನಲ್ಲಿ ತುಂಗಾ ಹೋಗಿ ಗುಂಡಿ ಒತ್ತಿದಳು. ಗಿರಣಿ ಗಡಗಡ ಎಂದಿತು. ನಾನೂ ಹಿಗ್ಗಿ ಹೀರೇಕಾಯಿಯಾಗಿ, ಚಟ್ನಿ ಕೇಳಿ ಹಾಕಿಸಿಕೊಂಡೆ.

ಮಾಸ್ತರು ಅರ್ಧ ತಿಂದ ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟರು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಆಚೆದಂಡ್ಯಾಗ ಈಗ ಎಷ್ಟು ಮಂದಿ ಮಕ್ಕಳದಾರ?" "ನಾಲ್ಕು," ಎಂದೆ. "ಅಲ್ಲಿ ಅಳತಿ ಹೆಂಗ?" ಎಂದರು. ಅಲ್ಲಿನ ಅಳತೆಯೂ ಊರ ಕಟ್ಟಳೆಯಂತೆಯೇ. ದಿನಾ ಬೆಳಿಗ್ಗೆ ಗಂಟೆ, ನಮ್ಮದಕ್ಕಿಂತ ದೊಡ್ಡದು, ದಿಬ್ಬದ ಮೇಲಿನದು. ಅದು ಈಚೆದಂಡೆಗೂ ಕೇಳುತ್ತದೆ. ನಾವು ಅದನ್ನು ಕೇಳಿ ಒಲೆ ಹಚ್ಚುತ್ತೇವೆ. ಹತ್ತೊಂಬತ್ತಕ್ಕೆ ಮೊದಲು ಯಾರೂ ಏಕೆ ತಿರುಗಿ ಬರಲಿಲ್ಲ ಎಂದು ನಾವಿಬ್ಬರೂ ಒಟ್ಟಿಗೇ ತಿಳಿದೆವು.

"ದೋಣಿ ಹೆಂಗೂ ಬಂದೈತಿ," ಎಂದರು ಮಾಸ್ತರು, ಹೊಳೆಯ ಕಡೆ ನೋಡುತ್ತ. ಆ ನಾಲ್ವರನ್ನೂ ಹೀಗೇ ಅಳೆಯಬೇಕೆಂದು ನಾನು ಸೀರೆ ಮೇಲೆತ್ತಿ ಸಿಕ್ಕಿಸಿ ಹೊರಟೇಬಿಟ್ಟೆ. ದಂಡೆ ಮುಟ್ಟುವಷ್ಟರಲ್ಲಿ ಹಿಂದೆ ಓಡುವ ಹೆಜ್ಜೆ ಕೇಳಿತು. ತುಂಗಾ. ಕೈಯಲ್ಲಿ ಗಂಟೆ, ಹೆಗಲ ಮೇಲೆ ತನ್ನ ಕಂಬದ ಗೆರೆಬಟ್ಟೆ. ಅದನ್ನು ಕಿತ್ತು ತಂದಿದ್ದಳು, ಪುಣ್ಯಾತ್ಗಿತ್ತಿ. ಅವಳ ಹಿಂದೆಯೇ ಬಂದ ಶಂಕ್ರವ್ವ ದೋಣಿ ಕಂಡು ತಡೆದು ನಿಂತಳು. ಒಂಬತ್ತು ದಿನ ಯಾವ ದೋಣಿಗೆ ಹೆದರಿ ಸತ್ತಿದ್ದಳೋ ಅದೇ ದೋಣಿ. ಮಗಳ ತೋಳು ಹಿಡಿದಳು, ಬಿಟ್ಟಳು. "ಸಂಜೀಕಿಂತ ಮೊದಲ ಬರಬೇಕ ನೋಡವಾ," ಎಂದಳು. "ನೀ ಬರೂತನಕ ಗಿರಣಿ ಬಂದ ಮಾಡಿರ್ತೀನಿ. ಚಾಲೂ ಮಾಡವ್ರು ಯಾರದಾರ?"

ನಡುಹೊಳೆಗೆ ಬಂದಾಗ ಬಿಳಿ ಗೋಡೆ ಕಂಡಿತು, ಕಿಟಕಿಗಳೂ ಕಂಡವು. ನನಗೆ ತಡೆಯಲಾಗಲಿಲ್ಲ. ಬಂದೆವು ಎಂದು ಇಲ್ಲಿಂದಲೇ ಸಾರಿಬಿಡೋಣ ಎಂದು ಗಂಟೆಗೆ ಕೈ ಹಾಕಿದೆ. ತುಂಗಾ ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡ," ಎಂದಳು, "ನಾವು ಬರೂದು ಅವರಿಗೆ ಗೊತ್ತಿಲ್ಲ." ಹೆಗಲ ಮೇಲಿನ ಗೆರೆಬಟ್ಟೆ ತೆಗೆದು ಗಂಟೆಯ ನಾಲಿಗೆಗೆ ಸುತ್ತಿದಳು, ಒಂದು ಗಂಟು ಹಾಕಿದಳು, ಸಾಲದೆನ್ನಿಸಿ ಇನ್ನೊಂದು ಹಾಕಿದಳು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು, ದಿಬ್ಬದ ಮೇಲಿನ ಕಿಟಕಿಗಳನ್ನು ನೋಡುತ್ತ ಕೂತಳು. ನಾವು ಒಂದು ಸದ್ದೂ ಮಾಡದೆ ಆಚೆದಂಡೆ ಮುಟ್ಟಿದೆವು.